ಗೋಡೆಗೂಡಿನಲ್ಲಿದ್ದ ಪಿಂಗಾಣಿ ಕಪ್

ಹಿಡಿಕೆ ಮುರಿದ ಈ ಪಿಂಗಾಣಿ ಕಪ್ಪಿಗೆ ನಾಲ್ಕಾಣೆ ಕೊಟ್ಟೆ. ನಗಬೇಡಿ. ಕಮರಿಪೇಟೆಯ ಚಹಾದಂಗಡಿಯವನು ಅಂಗಡಿ ಎತ್ತುತ್ತಿದ್ದ. ಪಾತ್ರೆಗಳನ್ನು ನೋಡಲು ಹೋಗಿದ್ದೆ. ತಪೇಲಿಗಳಿಗೆ ಅರ್ಧ ತಾಸು ಜಗಳಾಡಿ ಬೆಲೆ ಇಳಿಸಿದವನು, ಇದೊಂದಕ್ಕೆ ಕೇಳುವ ಮೊದಲೇ ದುಡ್ಡು ಇಟ್ಟೆ. "ಪುಕ್ಕಟೆ ಒಯ್ರಿ, ಗೋಡಿ ಗೂಡಿನ್ಯಾಗಿಂದು ಅದು" ಎಂದ ಅವನು. ಪುಕ್ಕಟೆ ಬಂದದ್ದನ್ನು ಮನೆಯವರು ಮರುದಿನವೇ ತಿಪ್ಪೆಗೆ ಎಸೆಯುತ್ತಾರೆ. ದುಡ್ಡು ಕೊಟ್ಟದ್ದು ಕಣ್ಣೆದುರಿಗಿರುತ್ತದೆ. ಇದು ಕಣ್ಣೆದುರಿಗಿರಬೇಕಿತ್ತು.

ಬೆಂಗೇರಿಯ ಮನೆಗೆ ತಂದಿಟ್ಟಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಹೆಂಡತಿ ಅದನ್ನು ತಿರುವಿ ನೋಡಿ, "ಛಲೋ ಆತು ಬಿಡ್ರಿ. ಸಂಜಿಕೆ ದುರ್ಗಪ್ಪ ಬರ್ತಾನಲ್ಲ, ಅವಗಾತು" ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಚುಚ್ಚಿದ್ದೂ ಅದೇ.

ದುರ್ಗಪ್ಪ ಚರ್ಮದ ವ್ಯಾಪಾರಿ. ಹತ್ತಿ ಗಿರಣಿಯ ಯಂತ್ರಗಳನ್ನು ತಿರುಗಿಸುವ ತೊಗಲಿನ ಪಟ್ಟಾ ಅವನು ಮಾಡಿಸುತ್ತಾನೆ, ನಾನು ಮಾರುತ್ತೇನೆ. ಅವನ ಪಟ್ಟಾ ಇಲ್ಲದೆ ಗಿರಣಿ ತಿರುಗದು. ಆದರೆ ಗಿರಣಿಯ ಮಾಲೀಕರು ಅವನೊಡನೆ ಮಾತಾಡುವುದು ಅಂಗಳದಲ್ಲಿ ನಿಲ್ಲಿಸಿ.

ವರ್ಷಗಳ ಹಿಂದಿನ ಮಾತು, ಮಾತಾಡುವ ಚಿತ್ರಗಳು ಹೊಸದಾಗಿ ಬಂದಿದ್ದ ಕಾಲ. ಸೌದಾ ಕುದುರಿದ ಖುಷಿಗೆ ಇಬ್ಬರೂ ಸಿನಿಮಾಕ್ಕೆ ಹೋದೆವು. ಟಿಕೀಟು ಕೊಟ್ಟವನು ಜಾತಿ ಕೇಳಲಿಲ್ಲ. ಕತ್ತಲೆಯಲ್ಲಿ ಒಂದೇ ಬೆಂಚು. ಪರದೆಯ ಮೇಲೆ ಕೇರಿಯ ಹುಡುಗಿಯೊಬ್ಬಳು ಬಾವಿಕಟ್ಟೆಯ ಕೆಳಗೆ ಕೊಡ ಹಿಡಿದು, ಯಾರಾದರೂ ಮೇಲಿನಿಂದ ನೀರು ಹೊಯ್ಯಲಿ ಎಂದು ಬೇಡುತ್ತಿದ್ದಳು. ಧಾರವಾಡದಿಂದ ರೈಲಿಗೆ ಬಂದಿದ್ದ ವಕೀಲರೊಬ್ಬರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅತ್ತೆ. ಸಿನಿಮಾದಲ್ಲಿ ಅಳು ಅಗ್ಗ, ಟಿಕೀಟಿನಲ್ಲೇ ಸೇರಿರುತ್ತದೆ. ದುರ್ಗಪ್ಪ ಮಾತ್ರ, "ಅಕಿಗೆ ಕೊಡಾ ಹಿಡಿಯಾಕ ಬರೂದಿಲ್ಲ ನೋಡ್ರಿ. ಅಷ್ಟು ದೂರ ಹಿಡಿದ್ರ ಅರ್ಧಾ ನೀರು ನೆಲಕ್ಕ" ಎಂದು ಪಿಸುಗುಟ್ಟಿದ.

ಬಿಡುವಿನಲ್ಲಿ ಎಲ್ಲರೂ ಎದುರಿನ ಚಹಾದಂಗಡಿಗೆ ನುಗ್ಗಿದೆವು. ವಕೀಲರಿಗೂ ನನಗೂ ಗಾಜಿನ ಗ್ಲಾಸು. ದುರ್ಗಪ್ಪನಿಗೆ ಅಂಗಡಿಯವನು ಹೊರಗೋಡೆಯ ಗೂಡಿನತ್ತ ಗದ್ದ ತೋರಿಸಿದ. ಅಲ್ಲಿತ್ತು ಈ ಕಪ್. ತಾನೇ ತೆಗೆದುಕೊಂಡು, ಕುಡಿದು, ತೊಳೆದಿಡಬೇಕು.

ಆಗಷ್ಟೇ ಅತ್ತುಬಂದಿದ್ದೆನಲ್ಲ, ರಕ್ತ ಬಿಸಿಯಾಯಿತು. ಚೌಕಾಶಿಗೆ ನಿಂತೆ. ಬೈದೆ, ಹೊಗಳಿದೆ, ಇನ್ನು ನಿನ್ನ ಅಂಗಡಿ ಹತ್ತುವುದಿಲ್ಲ ಎಂದೆ. ಕಡೆಗೆ ಇಳಿದ: "ಗ್ಲಾಸಿನ್ಯಾಗ ಕೊಡ್ತೇನ್ರಿ. ಆದ್ರ ಅವಾ ಕುಡದು ತೊಳದಿಡಬೇಕು." ಗೆದ್ದೆನೆಂದು ತಿರುಗಿ ನೋಡಿದೆ.

"ನಿಮ್ಮ ಗ್ಲಾಸು ನೀವು ತೊಳೀತೀರೇನ್ರಿ, ಸಾವುಕಾರ್ರ?" ಎಂದ ದುರ್ಗಪ್ಪ.

"ಅದಲ್ಲೋ, ಇಷ್ಟರ ಇಳದಾನಲ್ಲ..."

"ಹರಕ ಪಟ್ಟಾ ಅರ್ಧಾ ರೇಟಿಗೆ ಕೊಟ್ರ ನಿಮಗಂತ ತಗೋತೀರೇನು? ಮತ್ತ ನನಗಂತ ಯಾಕ ತಗೋತೀರಿ?"

ಚಹಾ ಕುಡಿಯದೆ, ಉಳಿದ ಸಿನಿಮಾ ನೋಡದೆ ಹೊರಟುಹೋದ. ನಾನು ಒಳಗೆ ಹೋದೆ. ಟಿಕೀಟಿನ ದುಡ್ಡು ಹಾಳಾಗಬಾರದಲ್ಲ! ಮರುದಿನ ಅವನಿಗೆ ಕತೆಯ ಕೊನೆ ಹೇಳಿದೆ: ಆ ಹುಡುಗಿ ಖರೇ ಅಂದರೆ ಗೌಡರ ಮಗಳಂತೆ, ಕೂಸಿದ್ದಾಗ ಕಳೆದುಹೋಗಿದ್ದಳಂತೆ, ಗುರುತು ಸಿಕ್ಕಿ, ಊರವರೇ ಬಾವಿಗೆ ಕರೆದು ನೀರು ಕೊಟ್ಟರು.

ದುರ್ಗಪ್ಪ ಪಟ್ಟಾ ಸುತ್ತುತ್ತಲೇ ನಕ್ಕ. "ಹಂಗಾರ ನೀರು ಸಿಕ್ಕಿದ್ದು ಗೌಡ್ರ ಮಗಳಿಗೆ ಬಿಡ್ರಿ. ಕೊಡಾ ಹಿಡದು ನಿಂತಾಕಿ ಇನ್ನೂ ಅಲ್ಲೇ ನಿಂತಾಳ."

ಆಮೇಲೆ ಅಂಥ ಚಿತ್ರಗಳನ್ನು ಎಷ್ಟೋ ನೋಡಿದೆ. ಎಲ್ಲದರಲ್ಲೂ ಮೀಸೆ ತಿರುವುವ ಕೆಟ್ಟ ಗೌಡನೊಬ್ಬ, ಕೈಯಲ್ಲಿ ಬಾರುಕೋಲು. ಸಾಲ ಕೇಳಿದವರಿಗೆ ಇಲ್ಲವೆನ್ನದ ಆ ಚಹಾದಂಗಡಿಯವನಂಥವರು, ನನ್ನ ಹೆಂಡತಿಯಂಥವರು ಒಂದರಲ್ಲೂ ಬರಲಿಲ್ಲ. ಬಂದಿದ್ದರೆ ನಮ್ಮ ಗುರುತು ನಮಗೇ ಸಿಕ್ಕಿಬಿಡುತ್ತಿತ್ತು. ಇಷ್ಟು ವರ್ಷ ದುರ್ಗಪ್ಪ ನಮ್ಮ ಮನೆಯಲ್ಲಿ "ಚಾ ಒಲ್ಲೆರಿ" ಎನ್ನುತ್ತಲೇ ಬಂದಿದ್ದಾನೆ. ಹೊಟ್ಟೆಗೆ ಆಗಿಬರುವುದಿಲ್ಲವೇನೋ ಎಂದುಕೊಂಡಿದ್ದೆ, ನಾನೆಂಥ ಜಾಣ!

ಎದ್ದು ಆ ಕಪ್ಪಿನ ತುಂಬ ಮೊಳೆ ಸುರಿದೆ. ಇನ್ನು ಯಾರಿಗೂ ಅದರಲ್ಲಿ ಚಹಾ ಹೊಯ್ಯಲಾಗದು. "ಸಂಜಿಕೆ ಹಿತ್ತಾಳಿ ಲೋಟ ಎರಡು ತಗಿ, ಜೋಡೀವು" ಎಂದು ಕೂಗಿದೆ.

"ತೊಳಿಯಾಕಿ ನಾನಲ್ಲೇನು!" ಎಂದಳು ಒಳಗಿನಿಂದ.

"ಇವತ್ತ ಎರಡೂ ನಾ ತೊಳೀತೇನಿ."

ಕುಡಿಯುತ್ತಾನೋ ಇಲ್ಲವೋ, ಅದು ದುರ್ಗಪ್ಪನಿಗೆ ಬಿಟ್ಟದ್ದು.

ನೀವು ಸಿನಿಮಾಕ್ಕೆ ಅವಶ್ಯ ಹೋಗಿ, ಅಳು ಬಂದರೆ ಅತ್ತುಬಿಡಿ. ಆದರೆ ಬಿಡುವಿನಲ್ಲಿ ಹೊರಗೆ ಬಂದು ಚಹಾದಂಗಡಿಯ ಗೋಡೆಯನ್ನೂ ಒಮ್ಮೆ ನೋಡಿ. ಗೂಡಿನಲ್ಲಿ ಕಪ್ ಕಂಡರೆ ನನ್ನಂತೆ ಚೌಕಾಶಿಗೆ ನಿಲ್ಲಬೇಡಿ. ಕೈಯಲ್ಲಿರುವ ಗ್ಲಾಸು ಕೆಳಗಿಟ್ಟು ಜೊತೆಗಾರನ ಹಿಂದೆ ನಡೆಯಿರಿ. ಮನೆಗೆ ಹೋದಮೇಲೆ, ದೀಪ ಹಿಡಿದು, ನಿಮ್ಮ ಗೋಡೆಯನ್ನೂ ನೋಡಿ.