ಓದಿದವರು, ತಾಳೆ ನೋಡಿದವರು

ಮೊನ್ನೆ ಇಂಡಿ ಪಟ್ಟಣದಲ್ಲಿ ಮೊಮ್ಮಗಳ ಅರ್ಜಿಗೆಂದು ಒಂದು ಕಾಗದಕ್ಕೆ ಠಸ್ಸೆ ಹಾಕಿಸಲು ಕಚೇರಿಗೆ ಹೋಗಿದ್ದೆ. ನೇರಳೆ ಶಾಯಿಯ ಡಬ್ಬಿ ತೆರೆದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಐವತ್ತು ವರ್ಷದ ಹಿಂದಿನ ಅದೇ ವಾಸನೆ. ಕುರ್ಚಿಯಲ್ಲಿದ್ದ ಸಾಹೇಬ ಫೋನು ಕಿವಿಗಿಟ್ಟುಕೊಂಡೇ ನನ್ನ ನಕಲಿನ ಮೇಲೆ ‘ಅಸಲಿನೊಂದಿಗೆ ತಾಳೆ ನೋಡಲಾಗಿದೆ’ ಎಂದು ಒತ್ತಿದ. ಅಸಲು ಇನ್ನೂ ನನ್ನ ಕೈಯಲ್ಲೇ ಇತ್ತು.

‘ಅಸಲ ನೋಡ್ರಿ ಸಾಹೇಬ್ರ,’ ಎಂದೆ.

‘ಎಲ್ಲಾ ಒಂದ ಅಲ್ಲೇನ್ರಿ ಯಜಮಾನ್ರ, ನಡೀರಿ,’ ಎಂದ.

ಮೈಯೆಲ್ಲ ಉರಿದುಹೋಯಿತು. ಬೈದೂ ಬಂದೆ. ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ ಗೊತ್ತಾಯಿತು, ಆ ಬೈಗುಳದಲ್ಲಿ ಅರ್ಧದಷ್ಟು ಅವನಿಗೆ ಸೇರಿದ್ದಲ್ಲ.

ಎಪ್ಪತ್ತರ ದಶಕದ ನಡುವೆ ನಾನು ಮುದ್ದೇಬಿಹಾಳದ ಕಚೇರಿಯೊಂದರ ನಕಲು ವಿಭಾಗದಲ್ಲಿ ಕಾರಕೂನನಾಗಿದ್ದೆ. ಊರು ಬಸವನ ಬಾಗೇವಾಡಿ, ವಯಸ್ಸು ಇಪ್ಪತ್ತನಾಲ್ಕು, ತಲೆ ತುಂಬ ಗರ್ವ, ಅಕ್ಷರ ಮಾತ್ರ ಮುತ್ತು. ವಿಭಾಗದ ಹಿರಿಯರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಕ್ರೈಸ್ತರು. ಊರಿನಲ್ಲಿ ಅವರ ಮತದವರದು ಇಪ್ಪತ್ತು ಮನೆ, ಒಂದು ಹೆಂಚಿನ ಪ್ರಾರ್ಥನಾ ಮಂದಿರ. ಅದರ ಎದುರಿನ ಕೋಣೆಯಲ್ಲೇ ನನ್ನ ಬಿಡಾರ.

ಹೊಲದ ದಾಖಲೆ, ಅಂದರೆ ಉತಾರದ ನಕಲು ಹೊರಗೆ ಹೋಗಬೇಕಾದರೆ ಅದರ ಕೆಳಗೆ ಮೂರು ಸಹಿ ಬೀಳಬೇಕಿತ್ತು. ಬರೆದವರು, ಓದಿದವರು, ತಾಳೆ ನೋಡಿದವರು. ಒಬ್ಬರು ಅಸಲನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನಕಲಿನ ಮೇಲೆ ಬೆರಳಿಟ್ಟು ಸಾಗಬೇಕು. ಉಳಿದ ಕಚೇರಿಗಳಲ್ಲಿ ಮೂರು ಸಹಿಯನ್ನೂ ಒಬ್ಬನೇ ಗೀಚಿ ಚಹಾಕ್ಕೆ ಹೋಗುತ್ತಿದ್ದ. ಕಾಕಾ ಬಿಡುತ್ತಿರಲಿಲ್ಲ. ‘ಬರದಾಂವಗ ತನ್ನ ತಪ್ಪ ಕಾಣೂದಿಲ್ಲೋ ತಮ್ಮಾ,’ ಎಂದು ನನ್ನನ್ನು ಎಳೆದು ಕೂರಿಸುತ್ತಿದ್ದರು. ಬೈದುಕೊಳ್ಳುತ್ತಲೇ ಕೂರುತ್ತಿದ್ದೆ.

ರವಿವಾರ ಪ್ರಾರ್ಥನೆಯಲ್ಲಿ ಬೈಬಲ್ ಓದುವ ಪಾಳಿಯೂ ಅವರದೇ. ಇಪ್ಪತ್ತೆರಡು ವರ್ಷದಿಂದ. ಸಾಲಿನ ಕೆಳಗೆ ಬೆರಳಿಟ್ಟು, ಒಂದಕ್ಷರ ನುಂಗದೆ ಓದುತ್ತಿದ್ದರು. ನಾನು ಲಿಂಗ ಕಟ್ಟಿಕೊಂಡ ಮನೆಯವನು, ನನಗೇನು ಸಂಬಂಧ... ಆದರೂ ಕಿಟಕಿಯಲ್ಲಿ ಕೂತು ಕೇಳುತ್ತಿದ್ದೆ. ಹೆಂಡತಿ ಇಲ್ಲದ, ಮಕ್ಕಳಿಲ್ಲದ ಆ ಮನುಷ್ಯನಿಗೆ ಇದ್ದ ಒಂದೇ ಸಡಗರ ಆ ಓದು. ಶನಿವಾರವೇ ಅಂಗಿ ಇಸ್ತ್ರಿಯಾಗುತ್ತಿತ್ತು.

ಆ ವರ್ಷ ಸಿಂದಗಿಯ ಅವರ ತಂಗಿಯ ಮಗ ಮುಂಬೈಯಿಂದ ರಜೆಗೆ ಬಂದ. ಬಂದರಿನಲ್ಲಿ ಕೆಲಸ. ಅಲ್ಲಿ ಯಾರೋ ಪರದೇಶದವನು ಕೊಟ್ಟ ಇಂಗ್ಲಿಷ್ ಪುಸ್ತಕ ಅವನ ಚೀಲದಲ್ಲಿತ್ತು. ಮಾರ್ಮನ್ ಅನ್ನುವ ಪಂಗಡದವರ ಧರ್ಮಗ್ರಂಥವಂತೆ. ಬೈಬಲ್ ಕೈಯಿಂದ ಕೈಗೆ ನಕಲಾಗಿ ಕೆಟ್ಟಿದೆ, ಇದು ಬಂಗಾರದ ತಗಡುಗಳ ಮೇಲೆ ಇದ್ದದ್ದನ್ನು ನೇರ ಅನುವಾದ ಮಾಡಿದ್ದು, ಇದೇ ಹೆಚ್ಚು ನಂಬಿಗಸ್ತ, ತಾನು ಆ ಪಂಗಡ ಸೇರುತ್ತೇನೆ ಎಂದು ಹುಡುಗ ಹಟ ಹಿಡಿದ. ಮಂದಿರಕ್ಕೆ ಬೆಂಕಿ ಬಿದ್ದಂತಾಯಿತು. ಮಂದಿರದ ಸಭೆ ನಡೆಸುವ ಹಿರಿಯ ಕಾಕಾನ ಕಟ್ಟೆಗೆ ಬಂದು ಕೂತ. ‘ನೀವು ನಕಲಿನ ಮನಶ್ಯಾರು. ಎರಡೂ ತಾಳೆ ನೋಡಿ ಬರದ ಕೊಡ್ರಿ. ಸಭಾದಾಗ ಓದಿ ಹುಡುಗನ ಬಾಯಿ ಮುಚ್ಚಸ್ತೇವಿ.’

ಕಾಕಾ ಒಪ್ಪಿದರು. ಓದುವವನು ನಾನಾಗಬೇಕು ಎಂದರು. ಎರಡು ಪುಸ್ತಕದಲ್ಲಿ ಯಾವುದೂ ನನ್ನದಲ್ಲ, ಅದಕ್ಕೆ.

ಸುಮಾರು ಒಂದು ತಿಂಗಳು ದಿನಾ ಸಂಜೆ ಕೂತೆವು. ನಾನು ಹುಡುಗನ ಪುಸ್ತಕ ಓದಬೇಕು, ಅವರು ಹಳೆಯ ಇಂಗ್ಲಿಷ್ ಬೈಬಲಿನ ಮೇಲೆ ಬೆರಳಿಟ್ಟು ಬರಬೇಕು. ಹುಡುಗನ ಪುಸ್ತಕದಲ್ಲೂ ಬೈಬಲಿನ ಯೆಶಾಯ ಪ್ರವಾದಿಯ ಅಧ್ಯಾಯಗಳು ಬಂದಾಗ ಅವರ ಬೆರಳು ನಿಲ್ಲದೆ ಓಡಿತು. ಎಷ್ಟೋ ಕಡೆ ಪದಕ್ಕೆ ಪದ ಅದೇ. ಹಳೆಯ ಬೈಬಲಿನಲ್ಲಿ ಅನುವಾದಕರು ಅರ್ಥಕ್ಕೆಂದು ತಾವೇ ಸೇರಿಸಿ, ಓರೆ ಅಕ್ಷರದಲ್ಲಿ ಅಚ್ಚು ಹಾಕಿದ ಪದಗಳಿದ್ದವು. ಅವೂ ಹುಡುಗನ ಪುಸ್ತಕದಲ್ಲಿ ಅನೇಕ ಕಡೆ ಬಂದು ಕೂತಿದ್ದವು. ಕಾಕಾ ಕನ್ನಡಕ ತೆಗೆದು ನಕ್ಕರು. ‘ಒಬ್ಬ ಕಾರಕೂನ ತನ್ನ ಕೈಲೆ ಸೇರಿಸಿದ ಮಾತು ಇನ್ನೊಬ್ಬನ ನಕಲಿನಾಗ ಬಂದ್ರ ಏನಂತೀಯೋ?’ ‘ಅದನ್ನ ನೋಡೇ ಬರದಾನಂತ ಅಂತೇನ್ರಿ,’ ಎಂದೆ. ‘ಬರಕೋ.’

ಬಂಗಾರದ ತಗಡುಗಳನ್ನು ದೇವದೂತ ವಾಪಸು ಒಯ್ದನೆಂದು ಆ ಪಂಗಡದವರೇ ಹೇಳುತ್ತಾರೆ. ನೋಡಿದೆವೆಂದು ಹನ್ನೊಂದು ಜನರ ಸಾಕ್ಷಿ ಇದೆ. ‘ಸಾಕ್ಷಿ ಭಾಳ ಐತಿ, ಅಸಲಿಲ್ಲ. ಇಂಥಾ ಅರ್ಜಿ ನಮ್ಮ ಮೇಜಿಗೆ ಬಂದ್ರ ಠಸ್ಸೆ ಬೀಳೂದಿಲ್ಲ. ಬರಕೋ.’ ನಾಲ್ಕು ಹಾಳೆ ತುಂಬಿದವು.

ಇಲ್ಲಿಗೆ ಮುಗಿಯಿತು ಎಂದು ನಾನು ಚಪ್ಪಲಿ ಮೆಟ್ಟಲು ಹೋದೆ. ‘ಎಲ್ಲಿಗ್ಯೋ? ನಮ್ಮದು ತಾಳೆ ನೋಡೂದು ಬ್ಯಾಡೇನು?’

ಅದೇ ಕೋಲಿನಿಂದ ತಮ್ಮ ಗ್ರಂಥವನ್ನೂ ಅಳೆದರು ಆ ಮನುಷ್ಯ. ಸುವಾರ್ತೆಗಳನ್ನು ಬರೆದವರ ಕೈಬರಹವೂ ಇಲ್ಲ, ಉಳಿದದ್ದು ನಕಲಿನ ನಕಲು. ಒಂದು ಸುವಾರ್ತೆಯ ಕೊನೆಯ ಹನ್ನೆರಡು ವಚನ ತೀರಾ ಹಳೆಯ ಪ್ರತಿಗಳಲ್ಲಿ ಇಲ್ಲವೆಂದು ಬೈಬಲಿನ ಹೊಸ ಮುದ್ರಣದ ಅಡಿಟಿಪ್ಪಣಿಯೇ ಹೇಳುತ್ತಿತ್ತು. ಅವು ಅವರು ಇಪ್ಪತ್ತೆರಡು ವರ್ಷ ಓದಿದ ವಚನಗಳು. ಅಡಿಟಿಪ್ಪಣಿ ನನ್ನಿಂದ ಎರಡು ಸಲ ಓದಿಸಿದರು. ಆ ವಚನಗಳ ಮೇಲೆ ಒಮ್ಮೆ ಬೆರಳಾಡಿಸಿ, ‘ಬರಕೋ,’ ಎಂದರು.

‘ಯಾಕ್ರಿ ಕಾಕಾ, ನಿಮ್ಮ ಕಾಲ ಮ್ಯಾಲ ನೀವ ಕಲ್ಲ ಹಾಕ್ಕೊಳ್ಳಾಕತ್ತೀರಿ?’

‘ನಕಲ ನೂರಿದ್ರ ಒಂದಕ್ಕೊಂದು ಹಚ್ಚಿ ತಪ್ಪ ಹಿಡೀಬೌದು. ಅದಕ್ಕ ನಮ್ಮದರ ಮ್ಯಾಲ ನನಗ ನಂಬಿಗಿ ಹೆಚ್ಚೈತಿ. ಆದ್ರ ತಪ್ಪ ಇಲ್ಲಂತ ಸುಳ್ಳ ಹೇಳಿದ್ರ ಆ ಹುಡುಗ ನನ್ನ ಯಾಕ ನಂಬಬೇಕು?’ ಈ ಮಾತೂ ಸೇರಿ ಇನ್ನೂ ಮೂರು ಹಾಳೆ ಆಯಿತು. ಏಳೂ ಹಾಳೆಯನ್ನು ಚಂದ ಅಕ್ಷರದಲ್ಲಿ ಇಳಿಸಲು ನನ್ನ ಕೈಗೆ ಕೊಟ್ಟು ಎರಡು ದಿನ ನಾಲತವಾಡದ ಮದುವೆಗೆ ಹೋದರು.

ಆ ಎರಡು ದಿನದಲ್ಲೇ ಹಿರಿಯ ನನ್ನ ಕೋಣೆಗೆ ಬಂದ. ಏಳೂ ಹಾಳೆ ಓದಿದ. ಮುಖ ಹುಳ್ಳಗಾಯಿತು. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದರೂ ಪಕ್ಕದ ಎಲೆಯ ನೊಣ ಎಣಿಸುವ ಜಾತಿ ಅದು. ‘ಮೊದಲಿನ ನಾಕ ಹಾಳಿ ಅಷ್ಟ ಬರದ ಕೊಡು ಸಾಕು. ನಿಮ್ಮ ಕಾಕಾಗ ನಾ ಹೇಳ್ತೇನಿ. ನಿನಗ ಬಾಗೇವಾಡಿಗೆ ವರ್ಗಾ ಬೇಕಂತಲ್ಲ? ಸಾಹೇಬ್ರು ನಮಗ ಬೇಕಾದವ್ರು.’

ಬರೆದುಕೊಟ್ಟೆ. ಕೆಳಗೆ ರೂಢಿಯಂತೆ ‘ತಾಳೆ ನೋಡಿದವರು’ ಎಂದು ಬರೆದು ನನ್ನ ಸಹಿಯನ್ನೂ ಜಡಿದೆ, ಹಾಳಾಗಿಹೋದ ಕೈ! ಏಳರಲ್ಲಿ ನಾಲ್ಕನ್ನು ಬರೆದವನೂ ನಾನೇ, ಅದು ಪೂರ್ತಿ ಎಂದು ತಾಳೆ ನೋಡಿದವನೂ ನಾನೇ.

ರವಿವಾರ ಕಿಟಕಿಯಲ್ಲಿ ಕೂತೆ. ಹಿರಿಯ ಓದಿದ. ಸಭೆ ತಲೆದೂಗಿತು. ಸೋದರಳಿಯ ತಲೆ ತಗ್ಗಿಸಿದ್ದ. ನಾಲ್ಕನೆಯ ಹಾಳೆ ಮುಗಿದು ಹಿರಿಯ ಕಾಗದ ಮಡಚುವಾಗ, ಹಿಂದಿನ ರಾತ್ರಿಯಷ್ಟೇ ಮದುವೆಯಿಂದ ಮರಳಿದ್ದ ಕಾಕಾ ಎದ್ದು ನಿಂತರು.

‘ಅದು ಅರ್ಧಾ ಐತ್ರಿ.’

‘ಕುಂದರ್ರಿ ಕಾಕಾ.’

‘ಅರ್ಧಾ ನಕಲ ಖರೆ ನಕಲ ಅಲ್ರಿ,’ ಎಂದವರೇ ಉಳಿದ ಮೂರು ಹಾಳೆಯನ್ನು ಬಾಯಿಯಿಂದಲೇ ಹೇಳಿದರು. ಸಭೆಯಲ್ಲಿ ಗದ್ದಲ. ಮನೆಯ ಮಾತು ಬೀದಿಗೆ ತಂದರು, ದೇವರ ವಾಕ್ಯಕ್ಕೆ ಕಳಂಕ ಹಚ್ಚಿದರು ಎಂದು ಕೂಗಿದರು. ಹುಡುಗ ಮಾತ್ರ ಹೊರಗೆ ಬಂದ ಮೇಲೆ, ‘ಮಾಮಾ, ಪೂರ್ತಿ ಹೇಳಿದವ್ರು ನೀವೊಬ್ರ,’ ಎಂದ. ಮುಂಬೈಗೆ ಹೋಗಿ ಅವನು ಯಾವ ಕಡೆ ಸೇರಿದನೋ ನನಗೆ ತಿಳಿಯದು.

ಮುಂದಿನ ರವಿವಾರ ಓದಿದ್ದು ಹಿರಿಯ. ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡೇ ಹೋಗಿದ್ದರು. ಪುಸ್ತಕದ ಹತ್ತಿರ ನಡೆದ ಅವರನ್ನು ತೋಳು ಹಿಡಿದು ಹಿಂದಿನ ಸಾಲಿನಲ್ಲಿ ಕೂರಿಸಿದರು. ನಾನು ಕಿಟಕಿ ಮುಚ್ಚಿದೆ. ಇಪ್ಪತ್ತೆರಡು ವರ್ಷ ಅವರ ಬಾಯಿಂದ ವಾಕ್ಯ ಕೇಳಿದ ಆ ಇಪ್ಪತ್ತು ಮನೆಯಲ್ಲಿ ಒಬ್ಬನಿಗೂ ನಾಲಿಗೆ ಇರಲಿಲ್ಲವೇ? ಇವತ್ತಿಗೂ ನೆನೆದರೆ ಹಲ್ಲು ಕಡಿಯುತ್ತೇನೆ.

ಕಚೇರಿಯಲ್ಲಿ ಕಾಕಾ ಆ ನಾಲ್ಕು ಹಾಳೆ ನನ್ನ ಮುಂದಿಟ್ಟು ಸಹಿಯ ಮೇಲೆ ಬೆರಳಿಟ್ಟರು. ‘ನೋಡಿದ್ದೇನು?’

‘ಇಲ್ರಿ.’

ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ಅವತ್ತಿನಿಂದ ತಾಳೆ ನೋಡಲು ಬೇರೆ ಕಾರಕೂನನನ್ನು ಕರೆದರು. ಮೂರು ತಿಂಗಳಲ್ಲಿ ನನ್ನ ವರ್ಗಾವಣೆಯ ಆದೇಶ ಬಂತು. ಬಾಗೇವಾಡಿಗೇ.

ಎರಡು ವರ್ಷದ ಮೇಲೆ ಕಾಕಾ ತೀರಿಕೊಂಡ ಸುದ್ದಿ ಬಂತು. ಹೋದೆ. ಗೋರಿಯ ತಲೆಯ ಬಳಿ ನಿಂತು ಹಿರಿಯನೇ ಓದಿದ. ಕಾಕಾ ಊರಲ್ಲಿ ಯಾರೇ ಸತ್ತರೂ ಓದುತ್ತಿದ್ದ ಭಾಗ ಅದು, ನನಗೆ ಬಾಯಿಪಾಠ ಬರುತ್ತಿತ್ತು. ಪುಟ ತಿರುವುವಾಗ ಅವಸರದಲ್ಲಿ ಒಂದು ಸಾಲು ಹಾರಿಸಿದ. ಯಾರೂ ತಲೆ ಎತ್ತಲಿಲ್ಲ. ‘ಒಂದ ಸಾಲ ಬಿಟ್ರಿ’ ಅನ್ನುವ ಮಾತು ನನ್ನ ಗಂಟಲಿನವರೆಗೆ ಬಂತು. ನಾನು ಹೊರಗಿನವನು, ಅವರ ಮಣ್ಣು, ಅವರ ಪುಸ್ತಕ... ನುಂಗಿಕೊಂಡೆ. ಮಣ್ಣು ಮುಚ್ಚಿದರು.

ಇಂಡಿಯ ಆ ಸಾಹೇಬನಿಗೆ ಮೊನ್ನೆ ಅಷ್ಟು ದೊಡ್ಡ ಬಾಯಿ ಮಾಡಿದೆನಲ್ಲ, ಆ ಬಾಯಿ ಅವತ್ತು ಎಲ್ಲಿ ಹೋಗಿತ್ತು? ಕಾಕಾ ಇಲ್ಲ. ಆ ಒಂದು ಸಾಲು ಕೇಳಿಸಿಕೊಳ್ಳದೆಯೇ ಮಣ್ಣಿಗೆ ಹೋದರು. ಅದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ ಇದ್ದೆ.