ಸಣ್ಣ ಮುಖದ ಅಳತೆ

ರಕ್ಷಣಾ ಕನ್ನಡಕಗಳನ್ನು ಪರೀಕ್ಷಿಸುವ ಆ ಕೋಣೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ. ಅಲ್ಲೊಂದು ಗಾಜಿನ ಪೆಟ್ಟಿಗೆ. ಅದರೊಳಗೆ ಲೋಹದ ತಲೆ. ತಲೆಯ ಕಣ್ಣಿನ ಜಾಗದಲ್ಲಿ ಬಿಳಿ ಕಾಗದ ಅಂಟಿಸಿ, ಮೇಲೆ ಕನ್ನಡಕ ತೊಡಿಸಿ, ಇದ್ದಿಲ ಪುಡಿ ಊದುವುದು ಅವಳ ಕೆಲಸ. ಪುಡಿ ಮೋಡದಂತೆ ಎದ್ದು, ತೇಲಿ, ಯಾವ ಆತುರವೂ ಇಲ್ಲದೆ ಇಳಿಯುತ್ತದೆ. ಕಾಗದ ಬೆಳ್ಳಗೇ ಉಳಿದರೆ ಕನ್ನಡಕ ಪಾಸು. ಆ ದೊಡ್ಡ ತಲೆಯ ಗತ್ತು ನೋಡಿ ಹೆಂಗಸರು ಅದನ್ನು ‘ಮಾವ’ ಎಂದು ಕರೆಯುತ್ತಿದ್ದರು.

ಅಕ್ಕನಿಗೆ ಎಡಗಣ್ಣು ಕಾಣುವುದಿಲ್ಲ. ಹದಿನೆಂಟು ವರ್ಷದ ಹಿಂದೆ, ಅವಳ ಅಣ್ಣ ಮೇಸ್ತ್ರಿಯಾಗಿದ್ದ ಶೆಡ್ಡಿನಲ್ಲಿ ಸಾಣೆ ಹಿಡಿಯುವಾಗ ಕಬ್ಬಿಣದ ಚೂರೊಂದು ಕನ್ನಡಕದ ಸಂದಿಯಿಂದ ನುಗ್ಗಿತ್ತು.

“ಸರಿಯಾಗಿ ಹಾಕ್ಕೊಂಡಿದ್ರೆ ಹೀಗಾಗ್ತಿತ್ತಾ?” ಎಂದಿದ್ದ ಅಣ್ಣ.

ಅವಳು ನಂಬಿದಳು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ, “ನನ್ನ ಹಾಗೆ ಅಸಡ್ಡೆ ಮಾಡ್ಬೇಡ್ರಮ್ಮ,” ಎನ್ನುತ್ತಿದ್ದಳು. ಕನಸಿನಲ್ಲಿ ಮಾತ್ರ ಆ ಕನ್ನಡಕದ ಪಟ್ಟಿಯನ್ನು ಬಿಗಿಯುತ್ತಲೇ ಇರುತ್ತಿದ್ದಳು. ಬಿಗಿದಷ್ಟೂ ಅದು ಉದ್ದವಾಗುತ್ತಿತ್ತು.

ಈ ವರ್ಷ ನಿಯಮ ಬದಲಾಯಿತು. ದೊಡ್ಡ ಮುಖಕ್ಕೆ ಒಪ್ಪಿದರೆ ಸಾಲದು, ಸಣ್ಣ ಮುಖದ ಮೇಲೂ ಪರೀಕ್ಷೆಯಾಗಬೇಕು. ಮಾವನ ಪಕ್ಕಕ್ಕೆ ಪುಟ್ಟ ತಲೆಯೊಂದು ಬಂತು.

“ಬಂದ್ಲಪ್ಪ ಸೊಸೆ! ಮಾವನ ದರ್ಬಾರು ಮುಗೀತು,” ಎಂದಳು ಪಕ್ಕದ ಮೇಜಿನವಳು.

ಅಕ್ಕ ಆ ತಲೆಯ ಕೆನ್ನೆ ಮುಟ್ಟಿದಳು. ತನ್ನದನ್ನೂ ಮುಟ್ಟಿಕೊಂಡಳು.

ಮರುದಿನ ಟ್ರಂಕಿನ ತಳದಿಂದ, ಅಂದು ತಾನು ಹಾಕಿದ್ದ ಹಳೆಯ ಕನ್ನಡಕ ತಂದಳು. ರಬ್ಬರ್ ಪಟ್ಟಿ ಜೀವ ಬಿಟ್ಟಿತ್ತು, ಹೊಸದು ಹಾಕಿದಳು. ಮಾವನಿಗೆ ತೊಡಿಸಿದಾಗ ಕಾಗದ ಬೆಳ್ಳಗೇ ಉಳಿಯಿತು. ಸೊಸೆಗೆ ತೊಡಿಸಿ, ಇನ್ನು ಬಿಗಿಯಲಾಗದಷ್ಟು ಬಿಗಿದಳು. ಪುಡಿ ಎದ್ದಿತು, ತೇಲಿತು, ಇಳಿಯಿತು. ಎಡಗಣ್ಣಿನ ಕಾಗದದ ಮೇಲೆ, ಮೂಗಿನ ಬದಿಗೆ, ಕಪ್ಪು ಗರಿಯಂಥದೊಂದು ಮಲಗಿತ್ತು.

“ಅಷ್ಟು ಬಿಗಿದ್ರೂ ಒಳಗೆ ಬಂದಿದೆಯಲ್ಲ ಅಕ್ಕ!” ಎಂದಳು ಪಕ್ಕದ ಮೇಜಿನವಳು.

ಸಂಜೆ ಅಕ್ಕ ಆ ಕಾಗದವನ್ನು ಎರಡು ಗಾಜಿನ ನಡುವೆ ಇಟ್ಟು, ಕನ್ನಡಕದ ಜೊತೆ ಅಣ್ಣನ ಮನೆಗೆ ಒಯ್ದಳು. ನಡೆದದ್ದನ್ನೆಲ್ಲ ಹೇಳಿ, “ಬಿಗಿಯಾಗೇ ಹಾಕ್ಕೊಂಡಿದ್ದೆ ಕಣೋ, ಅಣ್ಣ,” ಎಂದಳು.

ಅಣ್ಣ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಕನ್ನಡಕವನ್ನು ತಾನೇ ಹಾಕಿಕೊಂಡ. ಅಚ್ಚಿನಲ್ಲಿ ಎರೆದಂತೆ ಕೂತಿತು.

“ನನ್ನ ಮುಖಕ್ಕೆ ಸರಿಹೋಯ್ತು ಅಂತ ನಿಂಗೂ ಇದನ್ನೇ ಕೊಟ್ಟೆ ಕಣೇ. ಬೈದದ್ದೂ ನಾನೇ.”

ಗಾಜಿನ ಹಿಂದೆ ಅವನ ಕಣ್ಣು ತುಂಬಿ ಬಂತು. ನೀರು ಹೊರಗೆ ಹರಿಯಲು ಎಲ್ಲೂ ಸಂದಿಯಿರಲಿಲ್ಲ. ತಂಗಿಯೇ ಕೈ ಚಾಚಿ ಪಟ್ಟಿ ಸಡಿಲಿಸಿದಳು.