ಸಿಸ್ಟರಮ್ಮನ ಪೆಪ್ಪರ್‌ಮೆಂಟು

ಮೊನ್ನೆ ನೆಗಡಿ ಅಂತ ಬಿಸಿನೀರಿಗೆ ಒಂದು ಹರಳು ಪುದೀನಾ ಹೂವು ಹಾಕಿ, ತಲೆ ಮೇಲೆ ಟವೆಲ್ ಹೊದ್ದು ಹಬೆ ತಗೊಳ್ಳುತ್ತಾ ಕೂತಿದ್ದೆ. ಆ ಘಾಟು ಮೂಗಿಗೆ ಏರಿದ್ದೇ ತಡ, ನೆಗಡಿ ಮರೆತು ನಗು ಬಂದುಬಿಟ್ಟಿತು. ನಮ್ಮ ಸಿಸ್ಟರಮ್ಮ ನೆನಪಾದರು...

ಶಿರಾದಲ್ಲಿ ನಾವಿದ್ದ ಬೀದಿಯಲ್ಲಿ ಅವರದೊಂದೇ ಕ್ರೈಸ್ತರ ಮನೆ. ಅವರು ಆಸ್ಪತ್ರೆಯಲ್ಲಿ ನರ್ಸು, ಯಜಮಾನರು ಡ್ರೈವರು. ಮಕ್ಕಳಿರಲಿಲ್ಲ. ಅವರ ಎಡಕ್ಕೆ ನಮ್ಮ ಮನೆ, ಬಲಕ್ಕೆ ಕಡ್ಲೆಕಾಯಿ ಮಂಡಿಯವರ ಮನೆ. ಆ ಮನೆಯಾಕೆಯನ್ನು ನಾವೆಲ್ಲ ಮಂಡಿ ಅಕ್ಕ ಅಂತಿದ್ದೆವು. ಅವರು ಲಿಂಗಾಯತರು, ಮೊಟ್ಟೆ ಅಂದರೆ ಮಾರು ದೂರ.

ಬಂದ ಹೊಸತರಲ್ಲಿ ಸಿಸ್ಟರಮ್ಮ ಕ್ರಿಸ್‌ಮಸ್ಸಿಗೆ ಎಲ್ಲರ ಮನೆಗೂ ಕೇಕು ಕೊಟ್ಟಿದ್ದರಂತೆ. ಮಂಡಿ ಅಕ್ಕ ಸಂಕೋಚದಿಂದ ಈಸಿಕೊಂಡು, ಹಾಗೇ ನಮ್ಮ ಅಮ್ಮಿಗೆ ದಾಟಿಸಿದ್ದರು. ಅದು ಸಿಸ್ಟರಮ್ಮನಿಗೆ ಹೇಗೋ ತಿಳಿಯಿತು. ಬೇಜಾರು ಮಾಡಿಕೊಳ್ಳಲಿಲ್ಲ. ಮರುವರ್ಷ ಕೇಕಿನ ಸುದ್ದಿಯೇ ಇಲ್ಲ, ತಟ್ಟೆ ತುಂಬ ಪೆಪ್ಪರ್‌ಮೆಂಟು!

“ಬರೀ ಸಕ್ಕರೆ, ಬೆಣ್ಣೆ, ಹಾಲು ಅಕ್ಕಾ. ಧೈರ್ಯವಾಗಿ ತಿನ್ನಿ” ಅಂದರಂತೆ. ಮಂಡಿ ಅಕ್ಕ ಅಲ್ಲೇ ನಿಂತು ತಿಂದರಂತೆ.

ನಮ್ಮೂರಲ್ಲಿ ಅಂಗಡಿಯ ಯಾವ ಮಿಠಾಯಿಗೂ ಪೆಪ್ಪರ್‌ಮೆಂಟು ಅಂತಲೇ ಹೆಸರು. ನಿಜವಾದ ಪೆಪ್ಪರ್‌ಮೆಂಟು ಹೇಗಿರುತ್ತೆ ಅಂತ ನನಗೆ ಗೊತ್ತಾಗಿದ್ದು ಅವರ ಅಡುಗೆಮನೆಯಲ್ಲೇ. ಒಲೆ ಹಚ್ಚುವ ಕೆಲಸವೇ ಇಲ್ಲ. ಬಟ್ಟೆಯಲ್ಲಿ ಜರಡಿ ಹಿಡಿದ ಸಕ್ಕರೆ ಪುಡಿಗೆ ಸ್ವಲ್ಪ ಬೆಣ್ಣೆ, ಹಾಲು ಹಾಕಿ ಚಪಾತಿ ಹಿಟ್ಟಿನಂತೆ ನಾದುವುದು, ಬೆಂಗಳೂರಿಂದ ತರಿಸಿದ ಎಸೆನ್ಸ್ ತೊಟ್ಟಿಕ್ಕಿಸುವುದು. ಅರ್ಧಕ್ಕೆ ಗುಲಾಬಿ ಬಣ್ಣ. ಗೋಲಿ ಗೋಲಿ ಮಾಡಿ, ಮುಳ್ಳುಚಮಚದಲ್ಲಿ ಮೆಲ್ಲಗೆ ಒತ್ತಿ, ತೆಳು ಬಟ್ಟೆ ಮುಚ್ಚಿ ಆರಲು ಬಿಟ್ಟರೆ ಮುಗಿಯಿತು. ಗೋಲಿ ಮಾಡುವ ಕೆಲಸ ಪ್ರತಿ ವರ್ಷ ನನ್ನದು. ನಾನು ಬಾಯಿಗೆ ಹಾಕಿಕೊಂಡಿದ್ದನ್ನು ಅವರು ನೋಡಿಯೂ ನೋಡದಂತೆ ಇರುತ್ತಿದ್ದರು.

ನಾನು ಕಾಲೇಜು ಸೇರಿದ ವರ್ಷ ಅವರ ಯಜಮಾನರು ತೀರಿಕೊಂಡರು. ಊಟ ಮಾಡುತ್ತಾ ಕೂತವರು ಹಾಗೇ ಗೋಡೆಗೆ ಒರಗಿದರು, ಅಷ್ಟೆ. ಸಿಸ್ಟರಮ್ಮ ಡ್ಯೂಟಿಗೆ ಹೋಗುತ್ತಿದ್ದರು, ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಡಿಸೆಂಬರ್ ಬಂದರೂ ಬಾಗಿಲಿಗೆ ನಕ್ಷತ್ರ ಕಟ್ಟಲಿಲ್ಲ. ಅಮ್ಮಿ ಕೊಟ್ಟು ಬಂದ ಊಟದ ಡಬ್ಬಿ ಹೋದಂತೆಯೇ ವಾಪಸ್ ಬರುತ್ತಿತ್ತು. ಅಮ್ಮಿಗೆ ಭಯ ಹತ್ತಿಕೊಂಡಿತು.

“ಹಿಂಗೇ ಬುಟ್ರೆ ಇವ್ರೂ ಉಳಿಯಲ್ಲ. ಈ ಸಲ ಪೆಪ್ಪರ್‌ಮೆಂಟು ನಾವೇ ಮಾಡ್ಕೊಂಡ್ ಹೋಗನಾ?” ಅಂತ ಅಮ್ಮಿ ಮಂಡಿ ಅಕ್ಕನನ್ನು ಕೇಳಿದರು.

“ನಂಗೇನ್ ಬರ್ತದೆ? ನಿನ್ನ ಮಗಳಿಗೆ ಗೊತ್ತು, ಅವ್ಳು ಹೇಳ್ಲಿ” ಅಂದರು ಮಂಡಿ ಅಕ್ಕ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಮೂವರೂ ನಮ್ಮ ಅಡುಗೆಮನೆಯಲ್ಲಿ ಕೂತೆವು. ಎಸೆನ್ಸ್ ಶಿರಾದಲ್ಲಿ ಸಿಗಲಿಲ್ಲ. ಅಮ್ಮಿ ಬೇರು-ನಾರು ಮಾರುವ ಗ್ರಂಧಿಗೆ ಅಂಗಡಿಯಿಂದ ಪುದೀನಾ ಹೂವು ತಂದಿದ್ದರು. ಗಾಜಿನ ಚೂರಿನಂಥ ಹರಳು. ಎಷ್ಟು ಹಾಕಬೇಕೋ ಯಾರಿಗೂ ಗೊತ್ತಿಲ್ಲ. “ಅರೆ, ವಾಸನೆ ಬರ್ಲಿ ಬುಡು” ಅಂತ ಅಮ್ಮಿ ಧಾರಾಳವಾಗಿಯೇ ಪುಡಿ ಮಾಡಿ ಹಾಕಿದರು. ರುಚಿ ನೋಡೋಣ ಅಂದರೆ, ಅವರಿಗಿಂತ ಮೊದಲು ನಾವು ತಿನ್ನಬಾರದು ಅಂದರು ಮಂಡಿ ಅಕ್ಕ.

ಮಧ್ಯಾಹ್ನ ತಟ್ಟೆ ಹಿಡಿದು ಹೋದೆವು. ಸಿಸ್ಟರಮ್ಮ ಬಾಗಿಲು ತೆರೆದು ತಟ್ಟೆಯನ್ನೇ ನೋಡಿದರು. ನಮ್ಮ ಮನಸ್ಸು ನೋಯಿಸಬಾರದೆಂದೋ ಏನೋ, ಒಂದನ್ನು ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಧಾರಾಕಾರವಾಗಿ ಸುರಿಯಿತು. ಅಮ್ಮಿಯೂ ಅಳುತ್ತಾ ಅವರನ್ನು ಅಪ್ಪಿಕೊಂಡರು.

ಸಿಸ್ಟರಮ್ಮ ಉಸಿರೆಳೆಯುತ್ತಾ ಬಿಡಿಸಿಕೊಂಡು, “ಅಯ್ಯೋ ಅಕ್ಕಾ... ಮಿಠಾಯಿ ಮಾಡಿದ್ರೋ, ಮಂಡಿನೋವಿನ ಮುಲಾಮು ಮಾಡಿದ್ರೋ!” ಅಂದರು.

ಅಮ್ಮಿ ತಿಂದರು, ಮಂಡಿ ಅಕ್ಕ ತಿಂದರು, ನಾನೂ ತಿಂದೆ. ಬಾಯಿ, ಮೂಗು, ಕಿವಿಯೆಲ್ಲ ತಣ್ಣಗಾಗಿ ಉರಿಯತೊಡಗಿತು. ಮಂಡಿ ಅಕ್ಕ ಸೆರಗಿನಿಂದ ಬಾಯಿಗೆ ಗಾಳಿ ಬೀಸಿಕೊಳ್ಳುತ್ತಾ ಹೊಸ್ತಿಲ ಮೇಲೇ ಕುಸಿದು ಕೂತರು. ಅದನ್ನು ನೋಡಿ ಸಿಸ್ಟರಮ್ಮ ನಕ್ಕರು. ಯಜಮಾನರು ಹೋದಮೇಲೆ ಮೊದಲ ಸಲ... ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ಸೆರಗು ಸಿಕ್ಕಿಸಿ, “ನಡಿ, ಸಕ್ಕರೆ ತಗೊಂಡ್ ಬಾ. ಸರಿ ಮಾಡೋಣ” ಅಂತ ನನ್ನನ್ನು ಓಡಿಸಿದರು. ಆ ಮಿಠಾಯಿಯನ್ನೆಲ್ಲ ಪುಡಿಮಾಡಿ, ಸಕ್ಕರೆ ಸೇರಿಸಿ ಸೇರಿಸಿ ನಾದಿದರು. ಅದು ಎಷ್ಟಾಯಿತೆಂದರೆ ಪಕ್ಕದ ಬೀದಿಗೂ ಹಂಚಿದೆವು. ಸಂಜೆ ಅಮ್ಮಿ ತಟ್ಟೆಯಲ್ಲಿ ಅನ್ನ ಬಡಿಸಿದಾಗ ಸಿಸ್ಟರಮ್ಮ ಬೇಡ ಅನ್ನಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಕೋಲಾರದ ಕಡೆ ತಂಗಿಯ ಮನೆಗೆ ಹೋದರು. ಪ್ರತಿ ರಂಜಾನಿಗೂ ತಪ್ಪದೆ ಫೋನ್ ಮಾಡುತ್ತಿದ್ದರು. ಒಂದು ವರ್ಷ ಫೋನ್ ಬರಲಿಲ್ಲ. ನಾನೇ ಮಾಡಿದರೆ ತಂಗಿಯ ಮಗಳು ಎತ್ತಿಕೊಂಡು, “ದೊಡ್ಡಮ್ಮ ಹೋದ ತಿಂಗಳೇ ಹೋಗ್ಬಿಟ್ರು” ಅಂದಳು.

ಈ ಡಿಸೆಂಬರಿನಲ್ಲಿ ಮತ್ತೆ ಪೆಪ್ಪರ್‌ಮೆಂಟು ಮಾಡಿದೆ. ಎದುರುಮನೆಗೆ ಹೊಸದಾಗಿ ಬಂದ ಸೊಸೆಗೆ ಕೊಟ್ಟರೆ, “ನೀವು ಕ್ರಿಸ್‌ಮಸ್ ಮಾಡ್ತೀರಾ ಆಂಟಿ?” ಅಂತ ಆಶ್ಚರ್ಯಪಟ್ಟಳು.

“ನಮ್ಮ ಸಿಸ್ಟರಮ್ಮನ ಹಬ್ಬ ಕಣಮ್ಮ” ಅಂದೆ. ಯಾರು ಅಂತ ಕೇಳಿದಳು. ಜಗಲಿ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ನಾನೂ ನಗುತ್ತಿದ್ದೆ. ಅಮ್ಮಿ ಹೋದರು, ಮಂಡಿ ಅಕ್ಕನೂ ಹೋದರು... ಆ ಮಧ್ಯಾಹ್ನ ಹೊಸ್ತಿಲಲ್ಲಿ ನಕ್ಕವರಲ್ಲಿ ಉಳಿದಿರುವವಳು ನಾನೊಬ್ಬಳೇ ಅಂತ ಆಗ ಹೊಳೆಯಿತು.